ಗ್ರೀಕ್ ಅಜ್ಜನ ವೈನ್

ಕಡಲನ್ನೂ ದ್ರಾಕ್ಷಿಯನ್ನೂ ಕೊಟ್ಟ ದೇವರಿಗೆ ಸ್ತುತಿ.

ದುಬೈಯಲ್ಲಿ ಸಾಹುಕಾರರೊಬ್ಬರ ವಿಹಾರನೌಕೆಯಲ್ಲಿ ನಾನು ಬಡಿಸುವವನಾಗಿದ್ದೆ. ಅತಿಥಿಯಾಗಿ ಬಂದ ಗ್ರೀಕ್ ಅಜ್ಜ, ತಮ್ಮ ದ್ವೀಪದಲ್ಲಿ ತಾವೇ ಮಾಡಿದ ವೈನ್ ಸುರಿದು ಗ್ಲಾಸನ್ನು ನನ್ನ ಕೈಗೇ ಕೊಟ್ಟರು. “ಮೊದಲು ನೀನು ಕುಡಿದು ನಿಜ ಹೇಳು.”

ನೌಕೆಯಲ್ಲಿ ನಾವು ಕೆಲಸದವರು ಕುಡಿದರೆ ಕೆಲಸ ಖಲಾಸ್. ಬೇಡವೆಂದರೆ ಅಜ್ಜನಿಗೆ ಅವಮಾನ. ಕ್ಯಾಪ್ಟನ್, ಮಲ್ಪೆಯ ಶೇಖರಣ್ಣ, ನೋಡುತ್ತಲೇ ಇದ್ದರು. ವೈನ್ ನನ್ನ ನಾಲಿಗೆಗೆ ತಾಗಿದ್ದು ಊರಿನ ಇಗರ್ಜಿಯಲ್ಲಿ, ಪಾದ್ರಿಗಳು ಪೂಜೆಯಲ್ಲಿ ಕೊಟ್ಟಾಗ ಮಾತ್ರ. ಹಾಗಾಗಿ ಕೈ ತಾನಾಗಿ ಶಿಲುಬೆಯ ಗುರುತು ಮಾಡಿತು.

ಅಜ್ಜ ಟೋಪಿ ತೆಗೆದು ಎದ್ದು ನಿಂತರು. ತಾವೂ ಶಿಲುಬೆಯ ಗುರುತು ಮಾಡಿದರು, ನಮ್ಮ ಹಾಗಲ್ಲ, ಬಲಭುಜದಿಂದ ಎಡಕ್ಕೆ. “ನಮ್ಮೂರ ಇಗರ್ಜಿಯ ಪೂಜೆಗೂ ಇದೇ ವೈನ್. ನನಗೆ ಉತ್ತರ ಸಿಕ್ಕಿತು, ಇನ್ನು ನೀನು ಕುಡಿಯಬೇಕಾಗಿಲ್ಲ, ಮಗಾ.” ನಾನು ಗ್ಲಾಸನ್ನು ಅವರ ಕೈಗೇ ಮರಳಿಸಿದೆ.

ಶೇಖರಣ್ಣ ಹತ್ತಿರ ಬಂದು, “ಬಾಟ್ಲಿಗೊಂದು ಪ್ರಾರ್ಥನೆಯಾದರೆ ಇವರು ಕುಡಿಯುವುದು ಯಾವಾಗ ಮಾರಾಯ? ಬಡಿಸು,” ಎಂದರು.

ಇದನ್ನು ಕೇಳಿದ ನಿಮ್ಮೆಲ್ಲರ ಮನೆಯ ಊಟದ ಮೇಲೂ ದೇವರ ಕೈ ಇರಲಿ.