ಇಂದ್ರಾಬಾಯಿ ತೊಳೆದ ದೇವರು

ಸಿಂದಗಿಯಿಂದಾಚೆ ಒಂದು ಹಳ್ಳಿ. ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೇವಿನ ಮರದ ಕೆಳಗಿನ ವೀರಗಲ್ಲಿನ ಮುಂದೆ ಇಂದ್ರಾಬಾಯಿ ಮಂಡಿಯೂರಿ ಕೂತಿದ್ದಾರೆ. ಕೈಯಲ್ಲಿ ಮೆತ್ತನೆಯ ಬ್ರಷ್, ಪಕ್ಕದಲ್ಲಿ ಬೆಚ್ಚಗಿನ ನೀರಿನ ಬಕೆಟ್. ತಲೆಮಾರುಗಳಿಂದ ಸುರಿದ ಎಣ್ಣೆ ಕಲ್ಲಿನ ಮೇಲೆ ಕರಿ ಜಿಡ್ಡಾಗಿ ಕೂತಿದೆ. ಬಿಸಿಲೇರಿದರೆ ಜಿಡ್ಡು ಹೊಳೆಯುತ್ತದೆ, ಹೊಳೆದರೆ ಕ್ಯಾಮೆರಾಕ್ಕೆ ಗೆರೆ ಸಿಗುವುದಿಲ್ಲ. ಅದಕ್ಕೇ ಈ ಹೊತ್ತು.

ಅವರು ಒಂದು ವಸ್ತುಸಂಗ್ರಹಾಲಯದ ದಿನಗೂಲಿ. ಹಳೆಯ ಕಲ್ಲು, ಮೂರ್ತಿಗಳನ್ನು ಸುತ್ತಲಿಂದ ಸ್ಕ್ಯಾನ್ ಮಾಡಿ ಸಂಗ್ರಹಾಲಯ ಜಾಲತಾಣದಲ್ಲಿ ಇಡುತ್ತಿದೆ. ಯಾರು ಬೇಕಾದರೂ ಮೊಬೈಲಿನಲ್ಲಿ ತೆರೆದು ಬೆರಳಿನಿಂದ ತಿರುಗಿಸಿ ನೋಡಬಹುದು. ಕ್ಯಾಮೆರಾ ಹಿಡಿಯುವ ಅನಿಲನ ಹೆಸರು ಅಲ್ಲಿದೆ. ತೊಳೆದವರ ಹೆಸರು ಹಾಕುವ ಪದ್ಧತಿಯಿಲ್ಲ. ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಹಳ್ಳಿಗಳಿಗೆ ಟೆಂಪೋದಲ್ಲಿ ಕುಲುಕಿ ಕುಲುಕಿ ಅವರ ನಡು ಹಿಡಿದುಹೋಗಿದೆ. ದೇವರ ಮೈಮೇಲಿನದನ್ನು ತೆಗೆಯಲು ನೀನ್ಯಾರು ಎಂದು ಊರವರು ಗದರುವುದು ಬೇರೆ. ಸಂಗ್ರಹಾಲಯದ ಸಾಹೇಬರು ಜೀಪಿನಲ್ಲಿ ಕೂತಿರುತ್ತಾರೆ, ಬೈಸಿಕೊಳ್ಳುವ ಪಾಳಿ ಇವರದು.

"ಮೊದ್ಲ ಕೈ ಮುಗೀತೇನ್ರಿ, ಆಮ್ಯಾಲೆ ಬ್ರಷ್ ಹಚ್ತೇನಿ. ಬೈದವ್ರಿಗೆ ಏನಂತ ಹೇಳೂದ್ರಿ, ಅವ್ರದೂ ಖರೇನ ಐತಿ" ಎನ್ನುತ್ತಾರೆ.

ಅವರನ್ನು ನಿಜವಾಗಿ ದಣಿಸಿದ್ದು ಬೇರೆಯೇ. ಅವರ ತವರು ಹಳೇ ಕೊಲ್ಹಾರ. ಊರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವ ಮುಂಚೆ ಓಣಿಯ ದೇವಿಯ ಕಲ್ಲನ್ನು ಲಾರಿಯಲ್ಲಿ ಸಂಗ್ರಹಾಲಯಕ್ಕೆ ಒಯ್ದಿದ್ದರು. ಹೋದ ವರ್ಷ ಸ್ಕ್ಯಾನಿಗೆ ಅದರ ಸರದಿ ಬಂತು. ಗೋದಾಮಿನಲ್ಲಿ ಇಂದ್ರಾಬಾಯಿಯೇ ನಿಯಮದಂತೆ ಕಲ್ಲು ಕಾಣುವವರೆಗೂ ತೊಳೆದರು. ತಾಯಿ ಹೊನ್ನವ್ವ ಮಂಗಳವಾರ ಮಂಗಳವಾರ ಹಚ್ಚಿ ಗಟ್ಟಿಯಾಗಿದ್ದ ಅರಿಶಿನ, ಕುಂಕುಮ ಕೆಂಪು ನೀರಾಗಿ ಬಕೆಟ್ಟಿಗಿಳಿಯಿತು. ಅವ್ವನಿಗೆ ದೇವಿಯನ್ನು ತೋರಿಸುವ ಸಂಭ್ರಮದಲ್ಲಿ, ತಾನೇನು ತೊಳೆಯುತ್ತಿದ್ದೇನೆ ಎಂಬುದು ಅವರಿಗೆ ಹೊಳೆಯಲೇ ಇಲ್ಲ.

ಮೊಬೈಲ್ ತೆರೆದು ಕೊಟ್ಟರೆ ಹೊನ್ನವ್ವ ನೋಡಿಯೇ ನೋಡಿದರು. ಇದು ನಮ್ಮಾಕಿ ಅಲ್ಲ, ಈಕಿ ಹಣಿ ಬೋಳ ಐತಿ ಎಂದರು. ಮಗಳು ಎಷ್ಟು ಹೇಳಿದರೂ ಒಪ್ಪಲಿಲ್ಲ. ಮರುದಿನ ಏನನ್ನಿಸಿತೋ, ಕುಂಕುಮದಲ್ಲಿ ಬೆರಳದ್ದಿ ಮೊಬೈಲಿನ ಗಾಜಿನ ಮೇಲೆಯೇ ದೇವಿಯ ಹಣೆಗೆ ಹಚ್ಚಿದರು. ಅವರ ಮುಖ ಅರಳಿತು. ಅಷ್ಟರಲ್ಲಿ ಬೆರಳು ತಾಗಿ ಚಿತ್ರ ತಿರುಗಿತು. ದೇವಿ ಅತ್ತ ಸರಿದಳು, ಕುಂಕುಮ ಗಾಜಿನ ಮೇಲೆ ಇದ್ದಲ್ಲೇ ಉಳಿಯಿತು.

"ನನ್ನ ಕುಂಕುಮ ಒಲ್ಲೆ ಅಂತಾಳ ನೋಡವಾ" ಎಂದು ಹೊನ್ನವ್ವ ಮೊಬೈಲ್ ಕೆಳಗಿಟ್ಟರು. ಮತ್ತೆ ಅದನ್ನು ಮುಟ್ಟಿಲ್ಲ. ಈಗ ಅವರ ಕಣ್ಣೂ ಮಂಜಾಗುತ್ತಿದೆ.

ದೇವಿಗೆ ಕುಂಕುಮ ಹಚ್ಚಿ ಇನ್ನೊಮ್ಮೆ ಸ್ಕ್ಯಾನ್ ಮಾಡಿರೆಂದು ಇಂದ್ರಾಬಾಯಿ ಸಾಹೇಬರನ್ನು ಕೇಳಿದ್ದಾರೆ. ಸಂಗ್ರಹಾಲಯದ ಕಲ್ಲಿಗೆ ಏನೂ ಹಚ್ಚುವಂತಿಲ್ಲ ಎಂಬ ಉತ್ತರ ಬಂದಿದೆ. ಗಾಳಿ ಗುದ್ದಿ ಮೈ ನೋಯಿಸಿಕೊಂಡಂತಾಯಿತು, ಅಷ್ಟೇ. ಕಲ್ಲು ಉಳಿಸುವವರ ನಿಯಮ ತಪ್ಪೆನ್ನಲಾಗದು. ಆದರೆ ಆ ಮುದುಕಿಗೆ ಏನು ಉಳಿಯಿತು ಎಂದು ಕೇಳದೆಯೂ ಇರಲಾಗದು. ಈಗ ಇಂದ್ರಾಬಾಯಿ ಪ್ರತಿ ಊರಿನಲ್ಲೂ ತೊಳೆಯುವ ಮೊದಲು ಒಂದು ಸುತ್ತು ಫೋಟೋ ತೆಗೆಯಲು ಅನಿಲನಿಗೆ ಹೇಳುತ್ತಾರೆ. ಅವನೂ ತೆಗೆಯುತ್ತಾನೆ. ಅವು ಜಾಲತಾಣಕ್ಕೆ ಹೋಗುವುದಿಲ್ಲ.

ಹೊತ್ತು ಹುಟ್ಟಿದೆ. ವೀರಗಲ್ಲಿನ ಕುದುರೆ, ಕತ್ತಿ ಸ್ಪಷ್ಟ ಕಾಣುತ್ತಿವೆ. ಇಂದ್ರಾಬಾಯಿ ನಡು ಹಿಡಿದುಕೊಂಡು ಎದ್ದು, ಬಟ್ಟೆ ಹಿಂಡುತ್ತಾರೆ.

"ಅವ್ವಗ ಕಣ್ಣ ಕಾಣೂದ್ರಾಗ ಒಮ್ಮೆ ನಮ್ಮಾಕಿಗೆ ಕುಂಕುಮ ಹಚ್ಚಿ ಫೋಟೋ ತಗೀಲಿ, ಸಾಕ್ರಿ. ಆಮ್ಯಾಲೆ ನಾನ ತೊಳದ ಕೊಡ್ತೇನಿ. ತೊಳಿಯೂದು ನನಗ ಬರ್ತೈತಿ."