ಸಮುದ್ರಕ್ಕೆ ಒಯ್ದ ಉಡಿ

ನಮ್ಮದು ಕೊಟ್ಟೂರಿನಲ್ಲಿ ಗೊಬ್ಬರ, ಔಷಧಿಯ ಅಂಗಡಿ. ಮೆಕ್ಕೆಜೋಳಕ್ಕೆ ಹೊಡೆಯುವ ಔಷಧಿಯನ್ನು ಇಷ್ಟು ಮಾರಿದರೆ ಗಂಡ ಹೆಂಡತಿ ಇಬ್ಬರಿಗೂ ಥಾಯ್ಲೆಂಡ್ ಪ್ರವಾಸ ಎಂದು ಕಂಪನಿಯವರು ಆಸೆ ತೋರಿಸಿದ್ದರು. ನನ್ನ ಗಂಡ ಬೇಕಾದವರಿಗೂ ಬೇಡದವರಿಗೂ ಡಬ್ಬಿ ದಾಟಿಸಿ ಗುರಿ ಮುಟ್ಟಿದರು. ಹಾಗೆ ಹರಪನಹಳ್ಳಿ, ಹಡಗಲಿ, ಕೂಡ್ಲಿಗಿ ಕಡೆಯ ಅಂಗಡಿಯವರೆಲ್ಲ ಸೇರಿ ಹೋದೆವು.

ಹೋದ ಮರುದಿನವೇ ನನಗೆ ಸಾಕುಬೇಕಾಯಿತು. ಆ ಊರಿಗಿಂತ ನಮ್ಮವರನ್ನು ನೋಡಿಯೇ ಹೆಚ್ಚು ಹೇಸಿಗೆಯಾಯಿತು. ಹೋಟೆಲಿನ ತಿಂಡಿಯನ್ನು ತಟ್ಟೆಯ ತುಂಬ ಗುಡ್ಡೆ ಹಾಕಿಕೊಂಡು, ಎರಡು ತುತ್ತು ತಿಂದು ಅಲ್ಲೇ ಬಿಟ್ಟು ಏಳುವುದು. ಸಕ್ಕರೆ ಪೊಟ್ಟಣ, ಸೋಪು ಎಲ್ಲ ಬ್ಯಾಗಿಗೆ ತುರುಕುವುದು. ಊರಿನಿಂದ ತಂದ ಗುಟ್ಕಾ ಜಗಿದು ಹೂವಿನ ಕುಂಡದಲ್ಲಿ ಉಗುಳುವುದು. ರಾತ್ರಿ ಎಲ್ಲಿಗೋ ಹೋಗಿ ಬಂದ ಗಂಡಸರು ಬೆಳಿಗ್ಗೆ ಮೊಬೈಲಿನಲ್ಲಿ ಏನನ್ನೋ ಒಬ್ಬರಿಗೊಬ್ಬರು ತೋರಿಸಿ ಕಿಸಿಕಿಸಿ ನಗುವುದು. ನಾವು ಹೆಂಗಸರು ಪಕ್ಕದಲ್ಲೇ ಕೂತಿದ್ದೇವೆ ಎಂಬ ಎಗ್ಗೂ ಅವರಿಗಿರಲಿಲ್ಲ.

ಇಷ್ಟನ್ನೂ ಹಲ್ಲು ಕಚ್ಚಿ ಸಹಿಸಿದ್ದು ಕೊನೆಯ ದಿನಕ್ಕಾಗಿ. ಅಂದು ಸಮುದ್ರ ತೋರಿಸುತ್ತೇವೆ ಎಂದಿದ್ದರು.

ನನ್ನ ತವರು ಹಲವಾಗಲು, ತುಂಗಭದ್ರೆಯ ದಂಡೆ. ಪ್ರತಿ ಮಳೆಗಾಲ ಹೊಸ ನೀರು ಬಂದಾಗ ಅವ್ವ ಹೊಳೆಗೆ ಉಡಿ ತುಂಬುತ್ತಾಳೆ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿನ ಕೊಂಬು, ಹಸಿರು ಬಳೆ, ರವಿಕೆ ಬಟ್ಟೆಯ ಕುಬಸದ ಕಣ. ತವರಿನಿಂದ ಹೊರಟ ಮಗಳಿಗೆ ಕೊಡುವ ಹಾಗೆಯೇ ಹೊಳೆಗೂ ಕೊಡುತ್ತಾಳೆ. ನಾನು ಸಮುದ್ರ ನೋಡುತ್ತೇನೆಂದು ಕೇಳಿದ್ದೇ, ಮೊಣಕಾಲು ಹಿಡಿದುಕೊಂಡು ಬಸ್ಸು ಹತ್ತಿ ಕೊಟ್ಟೂರಿಗೆ ಬಂದು ಗಂಟೊಂದನ್ನು ಕೈಗೆ ಕೊಟ್ಟಳು.

"ನಮ್ಮ ಹೊಳಿ ಹೋಗಿ ಮುಟ್ಟೋ ಮನಿ ಅದು. ನಾನಂತೂ ನೋಡಲಿಲ್ಲ. ನೀನರ ಉಡಿ ಮುಟ್ಟಿಸಿ ಬಾ," ಅಂದಿದ್ದಳು.

ಕೊನೆಯ ದಿನ ಬಸ್ಸು ಬೆಳಿಗ್ಗೆ ನಿಂತದ್ದು ಹರಳಿನ ಅಂಗಡಿಯ ಮುಂದೆ. ಆಮೇಲೆ ಚರ್ಮದ ಚೀಲದ ಅಂಗಡಿ, ಆಮೇಲೆ ದಿಂಬಿನ ಅಂಗಡಿ. ಊರು ನೋಡಲು ಬಂದವರು ದಿಂಬನ್ನು ಅಮುಕಿ ಅಮುಕಿ ನೋಡುತ್ತಾ ಮಧ್ಯಾಹ್ನ ಕಳೆದರು. ಸಮುದ್ರ ಯಾವಾಗ ಎಂದು ಕೇಳಿದರೆ, ಅಲ್ಲಿರುವುದೂ ನೀರೇ ಅಲ್ಲವೇ ಎಂದರು ನನ್ನ ಗಂಡ. ನಾನು ಬಸ್ಸಿನ ಬಾಗಿಲಲ್ಲೇ ಕೂತು ಜಗಳ ತೆಗೆದ ಮೇಲೆ ಗೈಡು ಹೊರಟ, ಬರೀ ಫೋಟೋ ತೆಗೆಸಿಕೊಳ್ಳುವಷ್ಟು ಹೊತ್ತು ಎಂದು ಹೇಳಿಯೇ.

ನಮ್ಮನ್ನು ಇಳಿಸಿದ ಜಾಗದಲ್ಲಿ ಮರಳಿಗಿಂತ ಸಿಗರೇಟಿನ ತುಂಡೇ ಹೆಚ್ಚಿತ್ತು. ಎಲ್ಲಿಂದಲೋ ಬಂದ ಕಪ್ಪು ಚರಂಡಿ ನೀರು ಮರಳಲ್ಲಿ ಹರಿದು ಸಮುದ್ರ ಸೇರುತ್ತಿತ್ತು. ಕೊಳೆತ ಮೀನಿನ ವಾಸನೆಗೆ ಸೆರಗಿನಿಂದ ಮೂಗು ಮುಚ್ಚಿಕೊಂಡೆ. ಗಂಡಸರು ಆಗಲೇ ಬಿಯರ್ ಡಬ್ಬಿ ತೆರೆದು ಕೂತಿದ್ದರು. ನಾನು ಚರಂಡಿಯಿಂದ ದೂರ ನಡೆದು, ಮೊಣಕಾಲುಮಟ್ಟ ನೀರಿಗಿಳಿದು, ಅರಿಶಿನ ಕುಂಕುಮ ಏರಿಸಿ ಉಡಿ ಹಾಕಿದೆ.

ಹೊಳೆಯ ದಂಡೆಯವಳು ನಾನು. ನೀರಿಗೆ ಹಾಕಿದ್ದು ಮುಂದೆ ಹೋಗುತ್ತದೆ ಎಂದಷ್ಟೇ ಗೊತ್ತು. ಕೈಮುಗಿದು ಕಣ್ಣು ಬಿಡುವಷ್ಟರಲ್ಲಿ ತೆರೆ ಎಲ್ಲವನ್ನೂ ದಂಡೆಗೆ ತಂದು ಒಗೆಯಿತು. ಹೆಕ್ಕಿಕೊಂಡು ಇನ್ನಷ್ಟು ಆಳಕ್ಕೆ ಹೋಗಿ ಹಾಕಿದೆ. ಮತ್ತೆ ತಂದಿತು. ಕೊಬ್ಬರಿ ಬಟ್ಟಲು ಯಾರೋ ತಿಂದು ಎಸೆದ ಪ್ಲಾಸ್ಟಿಕ್ ಡಬ್ಬಿಯ ಜೊತೆ ಉರುಳಿ ಬಂತು. ನಮ್ಮವರು ಮೊಬೈಲ್ ಎತ್ತಿ ನಗುತ್ತಿದ್ದರು.

"ಸಮುದ್ರಕ್ಕೂ ನಿಮ್ಮವ್ವನ ಉಡಿ ಬ್ಯಾಡಂತ ನೋಡಲೇ," ಎಂದರು ನನ್ನ ಗಂಡ. ಎಲ್ಲರೂ ನಕ್ಕಾಗ ಅವರಿಗೆ ಇನ್ನೂ ಹುರುಪು ಬಂತು. ಎದ್ದು ಬಂದು, ದಂಡೆಗೆ ಬಿದ್ದಿದ್ದ ಹಸಿರು ಕಣವನ್ನೆತ್ತಿ ಹಿಂಡಿ, ಕಾಲಿಗೆ ಹತ್ತಿದ್ದ ಮರಳನ್ನು ಒರೆಸಿಕೊಂಡರು. ಬೆರಳ ಸಂದಿಯನ್ನೂ ಬಿಡದೆ ಒರೆಸಿ, ಅಲ್ಲೇ ಎಸೆದು ಚಪ್ಪಲಿ ಮೆಟ್ಟಿದರು.

ಈ ಮನುಷ್ಯನ ತಟ್ಟೆ ತೊಳೆದಿದ್ದೇನೆ, ಜ್ವರದಲ್ಲಿ ವಾಂತಿ ಬಳಿದಿದ್ದೇನೆ. ಆಗೆಲ್ಲ ಬಾರದ ಅಸಹ್ಯ ಈಗ ಬಂತು. ಕಣ, ಬಳೆ, ಸಿಕ್ಕಷ್ಟು ಅಕ್ಕಿ ಬಳಿದು ಸೆರಗಿಗೆ ಕಟ್ಟಿಕೊಂಡು ಬಸ್ಸು ಹತ್ತಿದೆ. ಅವರ ಪಕ್ಕ ಕೂರದೆ ಎದುರು ಸಾಲಿನಲ್ಲಿ ಕೂತೆ.

ಬಸ್ಸು ಹೊರಟ ಮೇಲೆ ಅವ್ವನ ಫೋನು ಬಂತು. ಗದ್ದಲದಲ್ಲಿ ಕೇಳಿಸಲೆಂದು ಸ್ಪೀಕರ್ ಹಾಕಿದೆ. ಉಡಿ ಮುಟ್ಟಿತೇ ಎಂದು ಕೇಳಿದಳು. ಮುಟ್ಟಿತು ಎಂದುಬಿಡು ಅಂತ ಗಂಡ ಕೈಸನ್ನೆ ಮಾಡಿದರು. ಆ ಸನ್ನೆ ನೋಡಿಯೇ ನನಗೆ ರೇಗಿತು.

"ಇಲ್ಲವ್ವ. ಸಮುದ್ರ ತಿರುಗಿ ಕೊಡ್ತು. ಕಣ ತಗೊಂಡು ನಿನ್ನ ಅಳಿಯ ಕಾಲು ಒರಸಿಕೊಂಡ್ರು."

ಅವ್ವ ಸಿಟ್ಟಿಲ್ಲದೆ, ತಿಳಿದುಕೊಳ್ಳಲು ಕೇಳುವವಳಂತೆ ಕೇಳಿದಳು.

"ನಿನ್ನ ಮದುವ್ಯಾಗ ನಾನೂ ನಿಮ್ಮಪ್ಪ ನೀರು ಹಾಕಿ ತೊಳದ್ವಿ, ಆ ಕಾಲೇನವ?"

ಹೌದವ್ವ, ಅವೇ ಎಂದೆ. ನನ್ನ ಗಂಡ ಕಾಲುಗಳನ್ನು ಸೀಟಿನ ಕೆಳಗೆ ಎಳೆದುಕೊಂಡರು.