ಅಸ್ಕರಿನ ಹೊಯ್ಗೆ

ಲತೇಶಣ್ಣ ಬಹ್ರೈನಿನ ಹೂರಾದಲ್ಲಿ ನಮ್ಮ ಪಕ್ಕದ ಫ್ಲ್ಯಾಟಿನವರು. ಊರು ಹೆಜಮಾಡಿ, ಮೊಗವೀರರು. ಅಪ್ಪ, ಅಜ್ಜ ಎಲ್ಲರೂ ಕಡಲಿಗೆ ಹೋಗಿ ಬದುಕಿದವರು. ಇವರು ಮಾತ್ರ ಐಟಿಐ ಮುಗಿಸಿ, ಫಿಟ್ಟರ್ ಆಗಿ ಇಲ್ಲಿಗೆ ಬಂದರು. ಕೆಲಸ ಅಸ್ಕರಿನ ಕಡೆಯ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ಮಾತು ಕಡಿಮೆ. ಕಟ್ಟಡದಲ್ಲಿ ಯಾರ ಮನೆಯ ನಲ್ಲಿ ಸೋರಿದರೂ ಸ್ಪ್ಯಾನರ್ ಹಿಡಿದು ಬರುತ್ತಾರೆ, ಸರಿಮಾಡಿ ಚಹಾ ಕೂಡ ಕುಡಿಯದೆ ಹೋಗುತ್ತಾರೆ. ಕೆಟ್ಟದ್ದನ್ನು ಕೈಯಿಂದ ಸರಿಮಾಡಬೇಕು, ಅದರ ಬಗ್ಗೆ ಮಾತಾಡಿ ಏನೂ ಆಗುವುದಿಲ್ಲ ಎಂದು ನಂಬಿದವರು.

ಕಳೆದ ವರ್ಷ ಅವರ ಹೆಂಡತಿ ಭವ್ಯಶ್ರೀ ಅಕ್ಕನಿಗೆ ಎಂಟನೇ ತಿಂಗಳಲ್ಲೇ ಹೆರಿಗೆಯಾಯಿತು. ಹೆಣ್ಣು ಮಗು. ಅದು ಉಸಿರಾಡಲೇ ಇಲ್ಲ. ಎಲ್ಲ ಪರೀಕ್ಷೆ ಮಾಡಿದರೂ ಕಾರಣ ಸಿಕ್ಕಲಿಲ್ಲ ಎಂದು ಡಾಕ್ಟರು ಹೇಳಿದರು. ಊರಿನಿಂದ ಲತೇಶಣ್ಣನ ಅಮ್ಮ ವೀಡಿಯೊ ಕಾಲ್ ಮಾಡಿ, “ಬಟ್ಟೆ ಒಣಗಿಸ್ಲಿಕ್ಕೆ ಕೈ ಮೇಲೆ ಎತ್ಬೇಡ ಅಂತ ಸಾವಿರ ಸಲ ಹೇಳಿದ್ದೆ. ಕೇಳಿದ್ರಲ್ವಾ ಇವಳು!” ಎಂದರು. ಫೋನ್ ಹಿಡಿದಿದ್ದ ಲತೇಶಣ್ಣ ಏನೂ ಹೇಳಲಿಲ್ಲ. ಭವ್ಯಕ್ಕ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗಿದ್ದರು. ಎಲ್ಲವೂ ಕೇಳಿಸಿತ್ತು.

ಸ್ವಲ್ಪ ದಿನ ಕಳೆದ ಮೇಲೆ ಭವ್ಯಕ್ಕ ಬಾಲ್ಕನಿಯಲ್ಲಿದ್ದ ಕರಿಬೇವಿನ ಚಟ್ಟಿಯನ್ನು ತಂದು ನಮ್ಮ ಬಾಗಿಲಲ್ಲಿಟ್ಟರು. “ನೀವೇ ಇಟ್ಕೊಳ್ಳಿ. ನನ್ನ ಕೈಯಲ್ಲಿ ಯಾವುದೂ ಬದುಕುವುದಿಲ್ಲ” ಎಂದರು. ಗಿಡ ಹಸಿರಾಗಿಯೇ ಇತ್ತು.

ಈ ಮಾತು ಲತೇಶಣ್ಣನಿಗೆ ತಡೆಯಲಾಗಲಿಲ್ಲ. ಅವಳ ಕೈಯಲ್ಲಿ ಒಂದು ಜೀವ ಬದುಕಿ ತೋರಿಸಬೇಕು, ಆಗ ತಾನಾಗಿ ಆ ಮಾತು ನಿಲ್ಲುತ್ತದೆ ಎಂದುಕೊಂಡರು. ಮಾಹೂಝಿನ ಡೆನ್ನಿಸ್ ಅಂಕಲ್ ಕೆಲಸ ಬಿಟ್ಟು ಊರಿಗೆ ಹೊರಟಾಗ, ಅವರ ಖಾಲಿ ಮೀನಿನ ತೊಟ್ಟಿಯನ್ನು ಕೇಳಿ ಮನೆಗೆ ತಂದರು. ಮರುದಿನ ಭವ್ಯಕ್ಕನನ್ನು ಒತ್ತಾಯ ಮಾಡಿ, ಹಿಂದಿನ ಗಲ್ಲಿಯಲ್ಲಿರುವ ಫವಾಝನ ಅಂಗಡಿಗೆ ಕರೆದುಕೊಂಡು ಹೋದರು. ಫವಾಝ್ ಕಾಪು ಕಡೆಯ ಹುಡುಗ. ಅಲ್ಲಿ ಬಣ್ಣಬಣ್ಣದ ಮೀನುಗಳಿದ್ದವು. ಆದರೆ ಭವ್ಯಕ್ಕ ನಿಂತದ್ದು ಮೀಸೆಯಿರುವ ಸಣ್ಣ ಕಂದು ಮೀನುಗಳ ಮುಂದೆ. ಅವು ತಳದಲ್ಲಿ ಮೂತಿ ಒತ್ತಿಕೊಂಡು ಓಡಾಡುತ್ತಿದ್ದವು.

“ಇವು ಎಂಥ ಹುಡುಕುವುದು?”

“ಊಟ ಅಕ್ಕಾ. ನಮ್ಮ ಹಾಗೆಯೇ, ಇಡೀ ದಿವಸ ಅದೇ ಕೆಲಸ.”

ಭವ್ಯಕ್ಕ ನಕ್ಕರು. ಲತೇಶಣ್ಣ ಕೂಡಲೇ ಅದೇ ಮೀನು ಎಂದು ತೀರ್ಮಾನ ಮಾಡಿದರು.

ತೊಟ್ಟಿಯ ತಳಕ್ಕೆ ಏನು ಹಾಕುವುದು ಎಂಬ ಮಾತು ಬಂತು. ಫವಾಝ್ ಬಣ್ಣದ ಕಲ್ಲು, ಜಲ್ಲಿ, ಚೀಲದಲ್ಲಿ ಬರುವ ಮರಳು, ನಮ್ಮ ಊರಿನ ಮಾತಿನಲ್ಲಿ ಹೊಯ್ಗೆ, ಎಲ್ಲ ತೋರಿಸಿದ. “ಕಲ್ಲು ಈ ಮೀನಿಗೆ ಆಗ್ಲಿಕ್ಕಿಲ್ಲ ಅಣ್ಣಾ, ಉಜ್ಜಿ ಉಜ್ಜಿ ಮೀಸೆ ಸವೆದು ಹೋಗ್ತದೆ. ನಯವಾದ ಹೊಯ್ಗೆಯೇ ಬೇಕು. ಈ ಚೀಲದ್ದು ಹಾಕಿ.”

“ಮೊಗವೀರನಿಗೆ ಹೊಯ್ಗೆ ಮಾರ್ತೀಯಾ ಮಾರಾಯ?”

“ನಾನು ಗಾಳಿಯನ್ನೂ ಮಾರ್ತೇನೆ” ಎಂದು ಫವಾಝ್ ಗುಳ್ಳೆ ಬಿಡುವ ಪಂಪನ್ನು ತೋರಿಸಿದ. “ಆದ್ರೆ ಇಲ್ಲಿಯ ಕಡಲಿನ ಹೊಯ್ಗೆ ಮಾತ್ರ ಹಾಕ್ಬೇಡಿ ಆಯ್ತಾ?”

“ಉಪ್ಪು ತೊಳೆಯುವುದನ್ನು ನನಗೆ ಕಲಿಸ್ತೀಯಾ ನೀನು?”

ಅಷ್ಟರಲ್ಲಿ ಬೇರೆ ಗಿರಾಕಿ ಕರೆದ. ಮಾತು ಅಲ್ಲಿಗೇ ನಿಂತಿತು.

ಮರುದಿನ ಡ್ಯೂಟಿ ಮುಗಿದ ಮೇಲೆ ಲತೇಶಣ್ಣ ಅಸ್ಕರಿನ ಕಡಲ ಬದಿಯಿಂದ ಒಂದು ಗೋಣಿ ಮರಳು ತುಂಬಿಸಿ, ಜೊತೆಗೆ ಕೆಲಸ ಮಾಡುವ ಸರ್ವೋತ್ತಮಣ್ಣನ ಕಾರಿನಲ್ಲಿ ತಂದರು. ಊರಿನ ಮರಳು ಕಂದು. ಇದು ಅಕ್ಕಿಹಿಟ್ಟಿನಂತೆ ಬಿಳಿ. ಬಾತ್‌ರೂಮಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಬಕೇಟಿನಲ್ಲಿ ಮತ್ತೆ ಮತ್ತೆ ತೊಳೆದರು. ನೀರು ತಿಳಿಯಾದ ಮೇಲೂ ಬಿಡಲಿಲ್ಲ. ಒಂದು ಚಿಟಿಕೆ ನಾಲಗೆಯ ಮೇಲಿಟ್ಟು, ಉಪ್ಪು ಒಂದಿಷ್ಟೂ ಇಲ್ಲವೆಂದು ನೋಡಿಯೇ ತೊಟ್ಟಿಗೆ ಹಾಕಿದರು. ಅಷ್ಟು ಶ್ರದ್ಧೆಯಿಂದ ಅವರು ಮಾಡಿದ ಕೆಲಸ ಬೇರೊಂದಿಲ್ಲ ಎಂದು ಭವ್ಯಕ್ಕ ಈಗಲೂ ಹೇಳುತ್ತಾರೆ.

ಮೀನು ತಂದು ಬಿಟ್ಟ ಮೇಲೆ ಮೊದಲು ಎಲ್ಲ ಚೆನ್ನಾಗಿತ್ತು. ಮೀನುಗಳು ಬಿಳಿ ಮರಳಿನಲ್ಲಿ ಮೂತಿ ಹುಗಿದು, ಬಾಯಿಂದ ಉಗುಳಿ, ಸಣ್ಣ ಸಣ್ಣ ಗುಳಿ ಮಾಡುತ್ತಿದ್ದವು. ಭವ್ಯಕ್ಕ ಬೆಳಿಗ್ಗೆ ಎದ್ದ ಕೂಡಲೇ ತೊಟ್ಟಿಯ ಹತ್ತಿರ ಹೋಗುತ್ತಿದ್ದರು. “ನಿಮ್ಮದು ಇನ್ನೂ ಚಹಾ ಆಗ್ಲಿಲ್ವಾ?” ಎಂದು ಮೀನಿಗೆ ಕೇಳುವುದು ನಮ್ಮ ಅಡುಗೆಮನೆಗೂ ಕೇಳಿಸುತ್ತಿತ್ತು. ಲತೇಶಣ್ಣ ಡ್ಯೂಟಿಯಿಂದ ಬಂದರೆ ಬೂಟು ಬಿಚ್ಚುವ ಮೊದಲು ಹೆಂಡತಿಯ ಮುಖ ನೋಡುತ್ತಿದ್ದರು, ಆಮೇಲೆ ಮೀನು.

ಆಮೇಲೆ ಒಂದು ಮೀನು ಮೂಲೆಯಲ್ಲಿ ಅಲ್ಲಾಡದೆ ಕೂತಿತು. ಮೀಸೆ ಕರಗಿದಂತೆ ಗಿಡ್ಡವಾಗಿತ್ತು. ಅದು ಸತ್ತಿತು. ಲತೇಶಣ್ಣ ನೀರು ಬದಲಿಸಿದರು, ಫಿಲ್ಟರ್ ಬಿಚ್ಚಿ ತೊಳೆದರು, ತೊಟ್ಟಿಯನ್ನು ಎಸಿಯಿಂದ ದೂರ ಇಟ್ಟರು. ಇನ್ನೊಂದು ಸತ್ತಿತು. ಪ್ರತಿ ಸಾವಿಗೂ ಭವ್ಯಕ್ಕ ಇನ್ನಷ್ಟು ಸುಮ್ಮನಾದರು. ಕೊನೆಗೆ ಮೀನಿನ ಆಹಾರದ ಡಬ್ಬಿಯನ್ನು ಗಂಡನ ಕೈಗೆ ಕೊಟ್ಟು, “ಇನ್ನು ನೀವೇ ಹಾಕಿ. ನಾನು ಹತ್ತಿರ ಬರುವುದಿಲ್ಲ. ಇದ್ದದ್ದಾದ್ರೂ ಉಳಿಯಲಿ” ಎಂದರು.

ಒಂದೇ ಮೀನು ಉಳಿದ ದಿನ ಶುಕ್ರವಾರ, ರಜೆ. ಲತೇಶಣ್ಣ ಬಾಟಲಿಯಲ್ಲಿ ತೊಟ್ಟಿಯ ನೀರು, ಒಂದು ಹಿಡಿ ಮರಳು ತೆಗೆದುಕೊಂಡು ಫವಾಝನ ಹತ್ತಿರ ಓಡಿದರು. ಫವಾಝ್ ಮರಳನ್ನು ಅಂಗೈಯಲ್ಲಿ ಹರಡಿ ನೋಡಿದ. “ಇದು ಕಡಲಿನದ್ದಲ್ವಾ ಅಣ್ಣಾ?”

“ಉಪ್ಪಿಲ್ಲ. ನಾಲಗೆಗೆ ಇಟ್ಟು ನೋಡು ಬೇಕಾದ್ರೆ.”

“ಉಪ್ಪಿನ ವಿಷಯ ಯಾರು ಹೇಳಿದ್ರು? ಇದು ಹೊಯ್ಗೆಯೇ ಅಲ್ಲ. ಪೂರಾ ಚಿಪ್ಪು, ಪುಡಿಯಾದದ್ದು.” ಪಕ್ಕದ ಕೆಫೆಟೇರಿಯಾದಿಂದ ವಿನೆಗರ್ ತರಿಸಿ ಮರಳಿನ ಮೇಲೆ ಸುರಿದ. ಮರಳಿನಿಂದ ಸುಯ್ಯೆಂದು ನೊರೆ ಬಂತು. “ನೋಡಿ. ಇದು ದಿನಾ ನೀರಿಗೆ ಸುಣ್ಣ ಬಿಡ್ತದೆ. ಈ ಮೀನಿಗೆ ಅದು ಆಗುವುದಿಲ್ಲ. ಚೂಪು ಬೇರೆ.”

ಲತೇಶಣ್ಣ ನೊರೆ ಆರುವವರೆಗೂ ನಿಂತಿದ್ದರು. ಚಿಪ್ಪು ಸುಟ್ಟರೆ ಸುಣ್ಣವಾಗುತ್ತದೆ ಎಂದು ಅವರ ಊರಲ್ಲಿ ಮಕ್ಕಳಿಗೂ ಗೊತ್ತು. ಅವರ ಅಜ್ಜಿ ವೀಳ್ಯದೆಲೆಗೆ ಹಚ್ಚುತ್ತಿದ್ದದ್ದು ಅದನ್ನೇ.

ಮನೆಗೆ ಬಂದವರೇ ಹೇಳಿದರು, “ಭವ್ಯಾ, ಮೀನು ಸತ್ತದ್ದು ನಿನ್ನಿಂದ ಅಲ್ಲ. ನನ್ನ ಹೊಯ್ಗೆಯಿಂದ.”

“ನನ್ನ ಸಮಾಧಾನಕ್ಕೆ ಹೇಳ್ತೀರಿ.”

ಅವರು ಸ್ಟೀಲ್ ತಟ್ಟೆಯಲ್ಲಿ ಮರಳು ಹಾಕಿ, ಅಡುಗೆಮನೆಯ ವಿನೆಗರ್ ಸುರಿದು ತೋರಿಸಿದರು. ಭವ್ಯಕ್ಕ ಬಗ್ಗಿ ನೋಡಿದರು. ನೊರೆಯ ಸದ್ದು ನಿಂತ ಮೇಲೆ ಕೇಳಿದರು:

“ಮೀನಿಗೆ ಕಾರಣ ಉಂಟು ಹಾಗಾದ್ರೆ. ಪಾಪುಗೆ ಕಾರಣ ಇಲ್ಲ ಅಂತ ಡಾಕ್ಟರು ಹೇಳಿದ್ದಲ್ವಾ?”

“ಹೌದು.”

“ಕಾರಣ ಇಲ್ಲ ಅಂದ್ರೆ, ನಾನೂ ಕಾರಣ ಅಲ್ಲ ಅಂತ ಅಲ್ವಾ?”

“ಹೌದು ಭವ್ಯಾ.”

“ಮತ್ತೆ ಆ ದಿನ ಅತ್ತೆಯ ಹತ್ರ ನೀವು ಯಾಕೆ ಹೇಳ್ಲಿಲ್ಲ?”

ಲತೇಶಣ್ಣ ತಟ್ಟೆಯನ್ನು ಕೆಳಗಿಟ್ಟರು. ಅಮ್ಮನ ಮಾತು ಹಾಗೇ ಬಂದು ಹೋಗುತ್ತದೆ ಎಂದುಕೊಂಡಿದ್ದರು. ಭವ್ಯಕ್ಕ ಅದನ್ನು ಅಷ್ಟು ತಿಂಗಳು ಒಬ್ಬರೇ ಹೊತ್ತುಕೊಂಡಿದ್ದರು ಎಂದು ಅವರಿಗೆ ಆಗಲೇ ತಿಳಿದದ್ದು.

“ನಿನ್ನಿಂದ ಅಲ್ಲ. ಪಾಪು ಹೋದದ್ದು ನಿನ್ನಿಂದ ಅಲ್ಲ.”

“ಇನ್ನೊಂದು ಸಲ ಹೇಳಿ.”

ಅವರು ಹೇಳಿದರು.

ಇಬ್ಬರೂ ಸೇರಿ ಉಳಿದ ಮೀನನ್ನು ಬಕೇಟಿಗೆ ಹಾಕಿ, ಮರಳನ್ನೆಲ್ಲ ಬಾಚಿ ತೆಗೆದರು. ಸಂಜೆಯ ಹೊತ್ತಿಗೆ ಅದೂ ಮಗುಚಿಕೊಂಡಿತು. ಮೊದಲು ಕಂಡದ್ದು ಲತೇಶಣ್ಣ. ಹೇಗೆ ಹೇಳುವುದೆಂದು ತಿಳಿಯದೆ, ಬಕೇಟಿಗೆ ಅಡ್ಡ ನಿಂತುಕೊಂಡರು. ಭವ್ಯಕ್ಕ ಅವರನ್ನು ಪಕ್ಕಕ್ಕೆ ಸರಿಸಿ, ಮೀನನ್ನು ಅಂಗೈಯಲ್ಲಿ ಎತ್ತಿಕೊಂಡರು.

“ತುಂಬಾ ದಿವಸ ಆ ಸುಣ್ಣದ ನೀರಲ್ಲಿ ಇತ್ತಲ್ಲ, ಪಾಪ” ಎಂದರು. ಈ ಸಲ ತಮ್ಮ ಕೈಯನ್ನು ದೂರಲಿಲ್ಲ.

ಆಗ ಅತ್ತದ್ದು ಲತೇಶಣ್ಣ. ಆಸ್ಪತ್ರೆಯಲ್ಲೂ ಅಳದವರು. ಗೋಡೆಯಾಚೆ ನಮಗೆಲ್ಲ ಕೇಳಿಸಿತು. ನನ್ನ ಅಮ್ಮ ಎದ್ದು ಹೋಗಲು ನೋಡಿದರು, ಮತ್ತೆ ಬೇಡವೆಂದು ಕೂತರು.